ರಿಂಗ್ ಬದಲಿಸುವ ಮುನ್ನ ಹಳೆಯದನ್ನು ವಿಚಾರಿಸಿ

ಚನ್ನಗಿರಿಯ ತೋಟದಲ್ಲಿ ಒಣಗಿದ ಅಡಿಕೆ ಮರ ಉರುಳಿಸಲು, ಹೊನ್ನಾಳಿ, ನ್ಯಾಮತಿ ಕಡೆ ಬದುವಿನ ಮರ ತುಂಡು ಮಾಡಲು, ಜಗಳೂರಿನಲ್ಲಿ ಜಾಲಿ ಕಡಿಯಲು ಈಗ ಕೊಡಲಿಗಿಂತ ಮುಂಚೆ ಕೈಗೆ ಬರುವುದು ಚೈನ್‌ಸಾ. ಹಗ್ಗ ಎಳೆದರೆ ಬಿಗಿ ಸಿಗುತ್ತಿಲ್ಲ, ಬಿಸಿಯಾದ ಮೇಲೆ ಸ್ಟಾರ್ಟ್ ಆಗುತ್ತಿಲ್ಲ, ಮರಕ್ಕೆ ಕೊಟ್ಟರೆ ಬಂದ್ ಬೀಳುತ್ತಿದೆ ಎಂದಾಗ ‘ಪಿಸ್ಟನ್ ರಿಂಗ್ ಹೋಗಿದೆ, ಹೊಸದು ಹಾಕಿ’ ಎಂಬ ತೀರ್ಪು ಬರುತ್ತದೆ. ಈ ತೀರ್ಪು ಅರ್ಧ ಮಾತ್ರ ಸರಿ. ಅವಧಿಗೆ ಮುಂಚೆ ಸವೆದ ರಿಂಗ್ ಎಂಜಿನ್ನಿನ ಬೇರೊಂದು ದೋಷಕ್ಕೆ ಸಾಕ್ಷಿ. ಆ ದೋಷ ಹುಡುಕದಿದ್ದರೆ ಹೊಸ ರಿಂಗಿಗೂ ಅದೇ ಗತಿ.

ಸೀಳಿರುವ ಲೋಹದ ರಿಂಗನ್ನು ಪಿಸ್ಟನ್ನಿಗೆ ತೊಡಿಸುವ ಉಪಾಯ 1850ರ ದಶಕದ್ದು. ಇಂಗ್ಲೆಂಡಿನ ರೈಲ್ವೆ ಎಂಜಿನಿಯರ್ ಜಾನ್ ರಾಮ್ಸ್‌ಬಾಟಮ್ ಅದನ್ನು ಉಗಿ ಎಂಜಿನ್ನಿಗಾಗಿ ರೂಪಿಸಿದರು. ಸೀಳು ಇರುವುದರಿಂದ ರಿಂಗ್ ಸ್ಪ್ರಿಂಗಿನಂತೆ ಹಿಗ್ಗಿ ಬೋರಿನ, ಅಂದರೆ ಪಿಸ್ಟನ್ ಓಡಾಡುವ ಕೊಳವೆಯ, ಗೋಡೆಗೆ ಒತ್ತಿಕೊಳ್ಳುತ್ತದೆ. ಆದರೆ ಆ ಒತ್ತಡ ಸಣ್ಣದು. ಪೆಟ್ರೋಲ್ ಉರಿದಾಗ ಹುಟ್ಟುವ ಅನಿಲ ರಿಂಗಿನ ಬೆನ್ನ ಹಿಂದೆ ನುಗ್ಗಿ ಹೊರಕ್ಕೆ ತಳ್ಳುವುದೇ ನಿಜವಾದ ಬಿಗಿ. ಎಂಜಿನ್ ನಿಮಿಷಕ್ಕೆ 12,000 ಸುತ್ತು ತಿರುಗುವಾಗ ಇದು ಸೆಕೆಂಡಿಗೆ 200 ಸಲ ನಡೆಯಬೇಕು. ರಿಂಗ್ ಕೂರುವ ಪಿಸ್ಟನ್ನಿನ ಗ್ರೂವಿನಲ್ಲಿ ಕರಿ ಕಟ್ಟಿದ್ದರೆ ಹೊಸ ರಿಂಗ್ ಕೂಡ ಅಲ್ಲಾಡದೆ ಕೂತುಬಿಡುತ್ತದೆ.

ಸವೆತ ಅಳೆಯುವುದು ಸುಲಭ. ರಿಂಗನ್ನು ಖಾಲಿ ಬೋರಿನೊಳಗಿಟ್ಟು ಪಿಸ್ಟನ್ನಿನ ತಲೆಯಿಂದ ಸಮವಾಗಿ ತಳ್ಳಿ, ಎರಡು ತುದಿಗಳ ನಡುವಿನ ಸಂದಿಗೆ ಫೀಲರ್ ಗೇಜ್ ತೂರಿಸಬೇಕು. ರಿಂಗಿನ ಹೊರಮೈ 0.1 ಮಿ.ಮೀ. ಸವೆದರೆ, ವೃತ್ತದ ಲೆಕ್ಕದಂತೆ ಸಂದಿ 0.6 ಮಿ.ಮೀ.ಗೂ ಹೆಚ್ಚು ಹಿಗ್ಗುತ್ತದೆ. ಕಣ್ಣಿಗೆ ಕಾಣದ ಸವೆತ ಇಲ್ಲಿ ಆರು ಪಟ್ಟಾಗಿ ಕಾಣುತ್ತದೆ. ಹಾಗಾದರೆ ಸಂದಿಯೇ ಇಲ್ಲದಿದ್ದರೆ ಇನ್ನೂ ಒಳ್ಳೆಯದಲ್ಲವೇ? ಅಲ್ಲ. 45 ಮಿ.ಮೀ. ಬೋರಿನ ರಿಂಗ್ 200 ಡಿಗ್ರಿ ಬಿಸಿಯೇರಿದರೆ ಸುಮಾರು 0.3 ಮಿ.ಮೀ. ಉದ್ದವಾಗುತ್ತದೆ. ಬೋರೂ ಹಿಗ್ಗುತ್ತದೆ ನಿಜ, ಆದರೆ ರಿಂಗ್ ಅದಕ್ಕಿಂತ ಬೇಗ ಕಾಯುತ್ತದೆ. ಜಾಗವಿಲ್ಲದೆ ತುದಿಗಳು ಒಂದಕ್ಕೊಂದು ತಾಗಿದರೆ ರಿಂಗ್ ಗೋಡೆಯನ್ನು ಕೆರೆಯುತ್ತದೆ. ಚೈನ್‌ಸಾದಂಥ ಟೂ ಸ್ಟ್ರೋಕ್ ಎಂಜಿನ್ನಿನ ಗ್ರೂವಿನಲ್ಲಿ ಒಂದು ಪುಟ್ಟ ಪಿನ್ ಇರುತ್ತದೆ. ರಿಂಗಿನ ತುದಿಗಳು ಅದರ ಎರಡೂ ಪಕ್ಕ ಕೂರಬೇಕು; ತಪ್ಪಿದರೆ ತುದಿ ಬೋರಿನ ಗೋಡೆಯ ಕಿಂಡಿಗೆ (ಪೋರ್ಟ್) ಸಿಕ್ಕಿ ಮುರಿಯುತ್ತದೆ.

ಇನ್ನು ಸಾಕ್ಷಿಯ ಹೇಳಿಕೆ. ಪಿಸ್ಟನ್ನಿನ ಕಾರ್ಬುರೇಟರ್ ಕಡೆಯ ಮೈ ಮಸುಕಾಗಿ ಸವೆದಿದ್ದರೆ ಧೂಳು ಒಳಗೆ ಹೋಗಿದೆ. ಮಣ್ಣಿನ ಧೂಳಿನಲ್ಲಿರುವ ಬೆಣಚುಕಲ್ಲಿನ ಕಣ ಎರಕದ ಕಬ್ಬಿಣಕ್ಕಿಂತ ಗಟ್ಟಿ. ಜಗಳೂರಿನಂಥ ಒಣ ಸೀಮೆಯಲ್ಲಿ ಹರಿದ ಏರ್ ಫಿಲ್ಟರ್ ಒಂದೇ ಸಾಕು. ಸೈಲೆನ್ಸರ್ ಕಡೆ ಉದ್ದುದ್ದ ಗೀರು ಬಿದ್ದಿದ್ದರೆ ಬಿಸಿ ಹೆಚ್ಚಾಗಿದೆ: ಎಣ್ಣೆ ಸಾಲದು, ಅಥವಾ ಸೀಲಿನಲ್ಲಿ ಗಾಳಿ ಸೋರಿ ಮಿಶ್ರಣದಲ್ಲಿ ಪೆಟ್ರೋಲ್ ಕಮ್ಮಿಯಾಗಿದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಶೇ 20 ಎಥೆನಾಲ್ ಬೆರೆತ ಪೆಟ್ರೋಲನ್ನೂ ಇಲ್ಲಿ ನೆನೆಯಬೇಕು. ಎಥೆನಾಲಿನಲ್ಲೇ ಆಮ್ಲಜನಕ ಇರುವುದರಿಂದ, ಹಳೆಯ ಪೆಟ್ರೋಲಿಗೆ ಹೊಂದಿಸಿದ ಕಾರ್ಬುರೇಟರಿನಲ್ಲಿ ಮಿಶ್ರಣ ಇನ್ನಷ್ಟು ತೆಳುವಾಗುತ್ತದೆ.

‘ಹಾಗಾದರೆ ಎಣ್ಣೆ ಜಾಸ್ತಿ ಹಾಕೋಣ’ ಎನ್ನುವವರಿದ್ದಾರೆ. 1:50 ಎಂದು ಬರೆದ ಯಂತ್ರಕ್ಕೆ ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಟೂಟಿ ಎಣ್ಣೆ ಸಾಕು. ಅದಕ್ಕೆ ಮೀರಿ ಸುರಿದರೆ ಗಾಳಿ ಸೋರುವುದು ನಿಲ್ಲುವುದಿಲ್ಲ. ಸುಡದೆ ಉಳಿದ ಎಣ್ಣೆ ಮತ್ತೆ ಗ್ರೂವಿನಲ್ಲಿ ಕರಿಯಾಗುತ್ತದೆ. ‘ಬೋರನ್ನು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿದರೆ ರಿಂಗ್ ಬೇಗ ಹೊಂದಿಕೊಳ್ಳುತ್ತದೆ’ ಎಂಬ ಮಾತು ಹಳೆಯ ಕಬ್ಬಿಣದ ಬೋರುಗಳ ಕಾಲದ್ದು. ಈಗಿನ ಬಹುತೇಕ ಚೈನ್‌ಸಾಗಳ ಅಲ್ಯೂಮಿನಿಯಂ ಬೋರಿನ ಒಳಗೆ ನಿಕಲ್ ಅಥವಾ ಕ್ರೋಮ್ ಲೇಪನವಿದೆ. ಅದು ಎದ್ದುಹೋಗಿದ್ದರೆ ಯಾವ ರಿಂಗೂ ನಿಲ್ಲದು, ಬೋರ್ ಕಿಟ್ಟೇ ಬೇಕು.

ಇಷ್ಟೆಲ್ಲ ಪರೀಕ್ಷೆಗೆ ಕೊಯ್ಲಿನ ಹೊತ್ತಿನಲ್ಲಿ ಪುರುಸೊತ್ತೆಲ್ಲಿ ಎಂದು ಕೇಳಬಹುದು. ಆದರೆ ರಿಂಗ್ ಹಾಕಲು ಹೇಗೂ ಎಂಜಿನ್ ಬಿಚ್ಚಲೇಬೇಕು. ಪಿಸ್ಟನ್ನಿನ ಎರಡೂ ಮೈ ನೋಡಿ, ಸೀಲು, ಫಿಲ್ಟರ್ ಪರೀಕ್ಷಿಸುವುದಕ್ಕೆ ಹಿಡಿಯುವ ಹೆಚ್ಚುವರಿ ಹೊತ್ತು ಅಲ್ಪ. ಅದನ್ನು ಉಳಿಸಲು ಹೋದವರು ಅದೇ ಎಂಜಿನ್ನನ್ನು ಎರಡನೇ ಸಲ ಬಿಚ್ಚಬೇಕಾಗುತ್ತದೆ, ಆಗ ರಿಂಗಿನ ಜೊತೆ ಬೋರಿನ ದುಡ್ಡನ್ನೂ ತೆರಬೇಕಾಗುತ್ತದೆ.