ಬೋಳಾದ ಮರ ಸತ್ತಿಲ್ಲ: ಬೇಸಿಗೆಯಲ್ಲಿ ಮರಗಳು ಎಲೆ ಉದುರಿಸುವುದೇಕೆ?

ಮಾರ್ಚ್‌ನಲ್ಲಿ ಮುಂಬೈನ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೋ, ನಮ್ಮ ಬಂಡೀಪುರಕ್ಕೋ ಹೋದರೆ ತೇಗದ ಮರಗಳು ಬೋಳಾಗಿ ನಿಂತಿರುತ್ತವೆ. ನೋಡಿದವರಿಗೆ ಕಾಡೇ ಒಣಗಿದಂತೆ ಅನಿಸುತ್ತದೆ. ವಾಸ್ತವದಲ್ಲಿ ಅವು ನೀರು ಉಳಿಸುತ್ತಿರುತ್ತವೆ.

ಎಲೆಗಳಲ್ಲಿರುವ ಸೂಕ್ಷ್ಮ ರಂಧ್ರಗಳ ಮೂಲಕ ಮರದ ನೀರು ಆವಿಯಾಗುತ್ತಲೇ ಇರುತ್ತದೆ. ತೇಗದ ಎಲೆಯಂತೂ ಬಲು ಅಗಲ. ಮಣ್ಣಿನ ತೇವ ಕಡಿಮೆಯಾದಾಗ ಅಷ್ಟೂ ಎಲೆಗಳಿಗೆ ನೀರು ಪೂರೈಸುವುದು ಬೇರುಗಳಿಗೆ ಕಷ್ಟ. ಹಾಗಾಗಿ ಮರ ಎಲೆಗಳನ್ನೇ ಕಳಚಿಕೊಳ್ಳುತ್ತದೆ. ಶೀತ ದೇಶಗಳಲ್ಲಿ ಚಳಿಗಾಲಕ್ಕೆ ಮುನ್ನ ಎಲೆ ಉದುರಿದರೆ, ನಮ್ಮ ಕಾಡುಗಳಲ್ಲಿ ಒಣಹವೆಯೇ ಮುಖ್ಯ ಕಾರಣ.

ಎಲೆ ಕಳಚುವುದು ಹೇಗೆ?

ಮೊದಲು ಎಲೆಯಲ್ಲಿರುವ ಸಾರಜನಕದಂಥ ಪೋಷಕಾಂಶಗಳನ್ನು ಮರ ಹಿಂದಕ್ಕೆ ಪಡೆಯುತ್ತದೆ. ಪತ್ರಹರಿತ್ತು ಕರಗಿ ಎಲೆ ಹಳದಿಯಾಗುತ್ತದೆ. ಬಳಿಕ ತೊಟ್ಟಿನ ಬುಡದ ಕೋಶಗಳ ಪದರ ಸಡಿಲಗೊಂಡು ಎಲೆ ಉದುರುತ್ತದೆ. ಆ ಗಾಯವನ್ನು ಬೆಂಡಿನಂಥ ಪದರ ಮುಚ್ಚುವುದರಿಂದ ನೀರು ಸೋರುವುದಿಲ್ಲ.

ಬೋಳು ಕೊಂಬೆಯಿಂದ ಇನ್ನೊಂದು ಲಾಭವಿದೆ. ಮುತ್ತುಗ, ಬೂರುಗ ಮರಗಳು ಎಲೆಯಿಲ್ಲದ ಸಮಯದಲ್ಲೇ ಹೂ ಬಿಡುತ್ತವೆ. ಪರಾಗಸ್ಪರ್ಶಕ್ಕೆ ನೆರವಾಗುವ ಹಕ್ಕಿಗಳಿಗೆ ಆ ಕೆಂಪು ಹೂಗಳು ದೂರದಿಂದಲೇ ಕಾಣುತ್ತವೆ.

ತರಗೆಲೆ: ಗೊಬ್ಬರವೂ ಹೌದು, ಅಪಾಯವೂ ಹೌದು

ಬಿದ್ದ ಎಲೆ ಕೊಳೆತರೆ ಮಣ್ಣಿಗೆ ಗೊಬ್ಬರ. ಆದರೆ ಬೇಸಿಗೆಯಲ್ಲಿ ಒಂದು ಕಿಡಿ ತಾಗಿದರೆ ಅದೇ ಕಾಳ್ಗಿಚ್ಚಿಗೆ ಇಂಧನ. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದು ಇಂಥದ್ದೇ ಒಣ ದಿನಗಳಲ್ಲಿ. ಕಾಡಂಚಿನಲ್ಲಿ ಬೀಡಿ, ಸಿಗರೇಟ್ ಎಸೆಯಬಾರದು ಎನ್ನುವುದು ಇದಕ್ಕೇ.

ನಿಮ್ಮ ಮನೆ ಮುಂದಿನ ಮರ ಬೋಳಾಗಿದೆಯೇ? ಕಡಿಸುವ ಮುನ್ನ ಎಳೆಯ ಕೊಂಬೆಯ ತೊಗಟೆಯನ್ನು ಉಗುರಿನಿಂದ ತುಸು ಕೆರೆದು ನೋಡಿ. ಒಳಗೆ ಹಸಿರು, ತೇವ ಕಂಡರೆ ಜೀವವಿದೆ ಎಂದರ್ಥ. ಮಳೆಗಾಲದವರೆಗೆ ಕಾಯಿರಿ.