ನೆರಳಿನ ನೆಲಕ್ಕೆ ಯಾವ ಹೊದಿಕೆ?

ಕಳೆದ ವರ್ಷ ಹೊಸ ಮನೆ ಕಟ್ಟಿಸಿಕೊಂಡ ಬಂಧುಗಳೊಬ್ಬರು ನಮ್ಮಲ್ಲಿಗೆ ಬಂದವರು, "ಹಿತ್ತಲಿನ ಮಾವಿನ ಮರದಡಿ ಹುಲ್ಲು ಸಹ ಹತ್ತುವುದಿಲ್ಲ. ಮಳೆಗಾಲದಲ್ಲಿ ಕೆಸರು, ಬೇಸಗೆಯಲ್ಲಿ ಧೂಳು. ಬಣ್ಣಬಣ್ಣವಾಗಿ ನೆಲವನ್ನು ಮುಚ್ಚುವ, ಹೆಚ್ಚು ಆರೈಕೆ ಬೇಡದ ಗಿಡವೊಂದನ್ನು ತಿಳಿಸಬೇಕು" ಎಂದು ಕೇಳಿದರು. ಮರವಿರುವ ಮನೆಗಳಲ್ಲೆಲ್ಲ ಏಳುವ ಪ್ರಶ್ನೆಯಿದು. ಇದಕ್ಕೆ ಉತ್ತರ ಹೇಳುವ ಮೊದಲು ನಾನೇ ಮಾಡಿದ ತಪ್ಪೊಂದನ್ನು ಓದುಗ ಬಂಧುಗಳ ಮುಂದೆ ನಿವೇದಿಸುವುದು ಉಚಿತವೆಂದು ತೋರುತ್ತದೆ.

ಹಲವು ವರ್ಷಗಳ ಹಿಂದೆ, ಇದೇ ಆಸೆಯಿಂದ, ಪಟ್ಟಣದ ನರ್ಸರಿಯೊಂದರಿಂದ ಹಳದಿ ಹೂವಿನ ಬಳ್ಳಿಯ ನಾಲ್ಕು ತುಂಡುಗಳನ್ನು ತಂದು ನಮ್ಮ ಹಲಸಿನ ಮರದ ಸುತ್ತ ನೆಟ್ಟೆನು. ವೆಡೇಲಿಯಾ ಎಂದು ಅದರ ಹೆಸರು. ಮೂರು ತಿಂಗಳಲ್ಲಿ ನೆಲ ಹಸಿರಾಯಿತು. ಬಿಸಿಲು ಬೀಳುವಲ್ಲೆಲ್ಲ ಹೂವಿನ ಹಳದಿ ಹಾಸು. ನೋಡಿದವರೆಲ್ಲ ಹೊಗಳಿದರು, ನಾನೂ ಬೀಗಿದೆ. ಎರಡನೆಯ ಮಳೆಗಾಲದ ವೇಳೆಗೆ ಬಾವಿಕಟ್ಟೆಯ ತೇವದಲ್ಲಿ ತಲೆತಲಾಂತರದಿಂದ ಇದ್ದ ಒಂದೆಲಗ ಕಾಣೆಯಾಗಿತ್ತು. ಚಟ್ನಿಗೆಂದು ನಾಲ್ಕು ಎಲೆ ಕೊಯ್ಯಲು ಹೋದ ನಮ್ಮ ಮನೆಯವರು ಬರಿಗೈಯಲ್ಲಿ ಮರಳಿ ಬಂದು ಏನೂ ಹೇಳದೆ ಒಳಗೆ ಹೋದರು. ಮರುವರ್ಷ ನೆರೆಯ ತೋಟದ ಗೌಡತಿ ಬೇಲಿಯಾಚೆಯಿಂದ, "ಅಯ್ನೋರೇ, ನಿಮ್ಮ ಹಳದಿ ಹೂವು ನಮ್ಮ ಬಸಿಗಾಲುವೆ ತುಂಬ ಹಬ್ಬೈತೆ. ನೀರು ನಿಂತು ಅಡಿಕೆ ಬುಡ ಕೊಳೀತೈತೆ, ನೋಡ್ರಿ" ಎಂದಳು. ಸಿಟ್ಟಿನಿಂದ ಹೇಳಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಈ ಬಳ್ಳಿಯ ಮೂಲ ಮಧ್ಯ ಅಮೆರಿಕ ಮತ್ತು ಕೆರೀಬಿಯನ್ ಪ್ರದೇಶ. ನೆಲಕ್ಕೆ ತಾಗಿದ ಪ್ರತಿಯೊಂದು ಗೆಣ್ಣಿನಲ್ಲಿಯೂ ಬೇರೊಡೆಯುವುದು ಇದರ ಸ್ವಭಾವ. ಕತ್ತರಿಸಿ ಎಸೆದ ತುಂಡು ನೀರಿನಲ್ಲಿ ತೇಲಿ ಹೋಗಿ ತಂಗಿದಲ್ಲಿ ಮತ್ತೊಂದು ಸಂಸಾರ ಹೂಡುತ್ತದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ತಜ್ಞರು 2000ದಲ್ಲಿ ಪ್ರಕಟಿಸಿದ, ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದಕ್ಕೂ ಸ್ಥಾನ ದೊರೆತಿದೆ. ನಮ್ಮ ಕಾಡುಗಳನ್ನು ನುಂಗಿದ ಲಂಟಾನವೂ ಅದೇ ಪಟ್ಟಿಯಲ್ಲಿದೆ. ಲಂಟಾನವಾದರೂ ಈ ದೇಶಕ್ಕೆ ಬಂದದ್ದು ಅಲಂಕಾರದ ಗಿಡವಾಗಿಯೇ ಎಂಬುದನ್ನು ನಾವು ಮರೆತಿದ್ದೇವೆ.

ಆದುದರಿಂದ ಗಿಡ ಎಷ್ಟು ಬೇಗ ಹಬ್ಬುತ್ತದೆ ಎಂದು ವಿಚಾರಿಸುವುದಕ್ಕಿಂತ, ಬೇಡವೆನಿಸಿದಾಗ ಅದನ್ನು ತೆಗೆಯಲು ಸಾಧ್ಯವೇ ಎಂದು ಮೊದಲು ಕೇಳಬೇಕು. ಕೊಳ್ಳುವಾಗ ಕಾಂಡವನ್ನು ಎತ್ತಿ ನೋಡಿರಿ. ಗೆಣ್ಣುಗೆಣ್ಣಿಗೂ ಬೇರು ಕಂಡರೆ, ಅದರ ಜೊತೆಗೆ ನಿಮ್ಮ ಹಿತ್ತಲಿನಾಚೆ ಹಳ್ಳವೋ ಕಾಲುವೆಯೋ ಕಾಡಂಚೋ ಇದ್ದರೆ, ಆ ಗಿಡ ಬೇಡ. ನೇರಳೆ ಮತ್ತು ಬೆಳ್ಳಿಯ ಪಟ್ಟೆಗಳುಳ್ಳ ಝೆಬ್ರಿನಾ ಬಹು ಚೆಲುವಾದದ್ದು, ಆದರೆ ಅದರದೂ ಇದೇ ಗುಣ. ಅದನ್ನು ತೂಗುಕುಂಡದಲ್ಲಿಟ್ಟು, ಕತ್ತರಿಸಿದ ತುಂಡುಗಳನ್ನು ತಿಪ್ಪೆಗೆ ಎಸೆಯದಿದ್ದರೆ ಚಿಂತೆಯಿಲ್ಲ. ಸಿಂಗೋನಿಯಂ ನೆಲದಲ್ಲಿ ಹರಿದು ಮರವನ್ನೂ ಏರುವುದರಿಂದ ಮರದಡಿಗೆ ಸರ್ವಥಾ ಸಲ್ಲದು.

ಹಾಗಾದರೆ ಸಲ್ಲುವುದಾವುದು? ನನ್ನ ಮಟ್ಟಿಗೆ ಮೊದಲ ಹೆಸರು ನೆಲಸಂಪಿಗೆ. ಇದು ಅರಿಸಿನ, ಶುಂಠಿಗಳ ಕುಲದ್ದು, ಪರದೇಶದಿಂದ ಬಂದುದಲ್ಲ. ಬೇಸಗೆಯ ಕೊನೆಗೆ, ಎಲೆಯೊಂದೂ ಇಲ್ಲದ ಬರಿನೆಲದಿಂದ ಬಿಳಿ ಮತ್ತು ನಸುನೇರಳೆ ಬಣ್ಣದ ಹೂಗಳು ಒಂದೊಂದಾಗಿ ತಲೆಯೆತ್ತುತ್ತವೆ. ಸುವಾಸನೆ ಅಂಗಳದವರೆಗೂ ಬರುತ್ತದೆ. ಬೆಳಗಿನ ಪೂಜೆಗೆ ಹೂವೆತ್ತಲು ಹೋದವರು ಬಾಗಿಯೇ ಎತ್ತಬೇಕು. ಮಳೆ ಹಿಡಿದ ಮೇಲೆ ಎಲೆ ಬರುತ್ತದೆ: ಮೇಲೆ ಹಸಿರಿನ ನಡುವೆ ಬೆಳ್ಳಿಯ ಚಿತ್ತಾರ, ಕೆಳಗೆ ಕೆನ್ನೇರಳೆ. ನೆಲದೊಳಗಿನ ಗಡ್ಡೆಯಿಂದ ನಿಧಾನವಾಗಿ ಬಳಗ ಕಟ್ಟಿಕೊಳ್ಳುವುದಲ್ಲದೆ ಓಡಾಡುವುದಿಲ್ಲ. ಬೇಡವಾದರೆ ಗುದ್ದಲಿಯಿಂದ ಅಗೆದು ತೆಗೆಯಬಹುದು. ಒಂದು ಕೊರತೆಯನ್ನು ಹೇಳಲೇಬೇಕು. ಚಳಿಗಾಲಕ್ಕೆ ಎಲೆಗಳೆಲ್ಲ ಒಣಗಿ, ನಾಲ್ಕಾರು ತಿಂಗಳು ನೆಲ ಬರಿದಾಗುತ್ತದೆ. ಆಗ ಮರದ ದರಗನ್ನೇ ಅಲ್ಲಿ ಹರಡಿದರೆ ಸಾಕು. ಗುಡಿಸಿ ಸುಡುವ ನಮ್ಮ ಚಟವನ್ನು ಬಿಡಬೇಕಷ್ಟೆ.

ವರ್ಷವಿಡೀ ಬಣ್ಣ ಬೇಕೆನ್ನುವವರು ಅದರ ಅಂಚಿಗೆ ಬಿಳಿ ಗೆರೆಯ ಕ್ಲೋರೋಫೈಟಂ ನೆಡಬಹುದು. ಅರೆನೆರಳಿದ್ದರೆ ಕೋಲಿಯಸ್ ಬಹಳ ಚೆನ್ನು. ಕೆಂಪು, ಕಂದು, ಹಳದಿ ಮಿಶ್ರಿತ ಎಲೆಗಳು. ಗಾಢ ನೆರಳಿನಲ್ಲಿ ಅದರ ಬಣ್ಣ ಮಾಸಿ ಕಾಂಡ ಸೊಟ್ಟಗಾಗಿ ಉದ್ದವಾಗುವುದು. ಹೂತೆನೆ ಬಂದೊಡನೆ ಚಿವುಟಬೇಕು. ನೀರಿನ ಅನುಕೂಲವಿರುವವರಿಗೆ ಬ್ರೆಜಿಲ್ ಮೂಲದ ಮರಾಂಟ ಯೋಗ್ಯ. ಕೆಂಪು ನರಗಳ ಅದರ ಎಲೆಗಳು ಸಂಜೆಯಾದಂತೆ ಮೇಲಕ್ಕೆ ಮಡಚಿಕೊಂಡು ಕೈಮುಗಿದಂತೆ ನಿಲ್ಲುತ್ತವೆ. ನಮ್ಮ ಮೊಮ್ಮಕ್ಕಳು ಅದನ್ನು ನೋಡಲೆಂದೇ ದೀಪ ಹಚ್ಚುವ ಹೊತ್ತಿಗೆ ಹಿತ್ತಲಿಗೆ ಓಡುತ್ತಾರೆ. ಬಣ್ಣದೆಲೆಯ ಕೆಲೇಡಿಯಂ ಸಹ ಹಬ್ಬುವ ಜಾತಿಯಲ್ಲ, ಆದರೆ ಎಲೆಯನ್ನು ಕಚ್ಚಿದರೆ ಬಾಯಿ ನಾಲಗೆ ಉರಿಯುವುದು. ಕೂಸುಗಳಿರುವ ಮನೆಗೆ ಬೇಡ.

ನೆಡುವಾಗ ಮರವನ್ನು ಮರೆಯಬಾರದು. ನೀರು ಗೊಬ್ಬರ ಹೀರುವ ಅದರ ಬೇರುಗಳು ಬಹುಮಟ್ಟಿಗೆ ಮೇಲ್ಮಣ್ಣಿನಲ್ಲಿಯೇ ಇರುವುದರಿಂದ ಇಡೀ ನೆಲವನ್ನು ಅಗೆಯದೆ, ಬೇರುಗಳ ನಡುವೆ ಒಂದೊಂದು ಗೇಣಿಗೆ ಒಂದೊಂದು ಸಣ್ಣ ಗುಣಿ ಮಾಡಿ, ಕೊಳೆತ ಎಲೆಗೊಬ್ಬರ ಹಾಕಿ ಗಡ್ಡೆಯನ್ನೋ ಸಸಿಯನ್ನೋ ಇಡಬೇಕು. ಕಾಂಡದ ಬುಡಕ್ಕೆ ಮಣ್ಣು ಪೇರಿಸಬಾರದು. ದಟ್ಟ ಮರದಡಿ ಸಣ್ಣ ಮಳೆ ನೆಲಕ್ಕೆ ಇಳಿಯುವುದೇ ಇಲ್ಲ; ಆಷಾಢದಲ್ಲಿಯೂ ಬೆರಳಿಟ್ಟು ತೇವ ನೋಡಿ ನೀರು ಹಾಕಬೇಕು.

ಇನ್ನು ನಮ್ಮ ವೆಡೇಲಿಯಾದ ಕಥೆ. ಅದನ್ನು ಕೀಳಲು ಮೂರು ವರ್ಷ ಹಿಡಿಯಿತು. ಕತ್ತಿಯಿಂದ ಸವರಿದರೆ ಇಮ್ಮಡಿಯಾಗಿ ಚಿಗುರುವುದೆಂಬುದನ್ನು ಮೊದಲ ವರ್ಷವೇ ಕಲಿತೆ. ಮಳೆಯ ನಂತರ ಮಣ್ಣು ಮೆತ್ತಗಿರುವಾಗ ಬೇರುಸಹಿತ ಎಳೆದು, ಬಂಡೆಯ ಮೇಲೆ ಬಿಸಿಲಿಗೆ ಹಾಕಿ, ಗರಿಗರಿಯಾಗಿ ಒಣಗಿದ ಮೇಲೆಯೇ ಗೊಬ್ಬರಗುಂಡಿಗೆ ಸೇರಿಸಿದೆವು. ನೆರೆಯ ಬಸಿಗಾಲುವೆಯನ್ನು ಆಳುಗಳನ್ನಿಟ್ಟು ನಾನೇ ಬಿಡಿಸಿಕೊಟ್ಟೆ. ಒಂದೆಲಗವನ್ನು ಆ ಗೌಡತಿಯೇ ತನ್ನ ಗದ್ದೆಬದುವಿನಿಂದ ಮಣ್ಣುಸಹಿತ ತಂದುಕೊಟ್ಟಳು. ಅದೂ ಗೆಣ್ಣಿಗೆ ಬೇರು ಬಿಡುವ ಬಳ್ಳಿಯೇ ಸರಿ. ಆದರೆ ಈ ನೆಲದ್ದು, ಕೊಯ್ದು ತಿನ್ನುವ ಕೈಗಳೂ ಇವೆ.

ನಮ್ಮ ಬಂಧುಗಳು ಕೊನೆಗೆ ನೆಲಸಂಪಿಗೆಯನ್ನೇ ಒಪ್ಪಿ, ಮೊದಲ ಮಳೆ ಬಿದ್ದ ವಾರ ಬಂದು ನಮ್ಮ ಹಿತ್ತಲಿನಿಂದ ಒಂದು ಬುಟ್ಟಿ ಗಡ್ಡೆ ಒಯ್ದರು. ಕೊಡುವ ಮುನ್ನ ಒಂದೊಂದನ್ನೂ ಬಾವಿಕಟ್ಟೆಯ ಬಳಿ ತೊಳೆದು ಕೊಟ್ಟೆನು. ಅಂಟಿದ ಮಣ್ಣಿನಲ್ಲಿ ಆ ಹಳದಿ ಹೂವಿನ ಒಂದು ಗೆಣ್ಣಾದರೂ ಅಡಗಿದ್ದೀತೆಂಬ ಅಂಜಿಕೆ ನನ್ನಿಂದ ಇನ್ನೂ ಹೋಗಿಲ್ಲ.