ಪೂರ್ವಕ್ಕೆ ಹರಿಯುವ ನೀರು, ಪಡುವಣಕ್ಕೆ ಹೊರಡುವ ಬಸ್ಸು

ನಂದಿಬೆಟ್ಟದ ಸಾಲಿನಲ್ಲಿಯೂ ಅದರ ಆಸುಪಾಸಿನಲ್ಲಿಯೂ ಹುಟ್ಟುವ ನದಿಗಳ ಹೆಸರು ಚಿಕ್ಕಬಳ್ಳಾಪುರ ಸೀಮೆಯ ಮಕ್ಕಳಿಗೆ ಬಾಯಿಪಾಠ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಚಿತ್ರಾವತಿ, ಪಾಪಾಗ್ನಿ, ಅರ್ಕಾವತಿ. ವರ್ಷದ ಬಹುಪಾಲು ಮರಳೇ ಕಾಣುವ ಈ ನದಿಗಳು ಮಳೆ ಬಂದಾಗ ಹರಿಯುವುದು ಪೂರ್ವದ ಕಡೆಗೆ. ಗೌರಿಬಿದನೂರನ್ನು ಹಾದುಹೋಗುವ ಉತ್ತರ ಪಿನಾಕಿನಿ ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ ಕಡಲು ಸೇರುತ್ತದೆ. ದಕ್ಷಿಣ ಪಿನಾಕಿನಿ ತಮಿಳುನಾಡಿನ ಕಡಲೂರಿನ ಬಳಿ ಸೇರುತ್ತದೆ. ಅರ್ಕಾವತಿ ಕಾವೇರಿಯನ್ನು ಕೂಡಿಕೊಂಡು ಅದೇ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಈ ನದಿಗಳ ಒಂದು ಹನಿಯೂ ಅರಬ್ಬೀ ಸಮುದ್ರ ಕಾಣುವುದಿಲ್ಲ.

ಆದರೆ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರುಗಳ ಬಸ್ ನಿಲ್ದಾಣದಲ್ಲಿ ಬ್ಯಾಗು ಹಿಡಿದು ‘ಸಮುದ್ರ ನೋಡಿ ಬರುತ್ತೇವೆ’ ಎಂದು ಹೊರಡುವವರಲ್ಲಿ ಹಲವರು ಇಂದು ಮುಖ ಮಾಡುವುದು ಪಶ್ಚಿಮಕ್ಕೆ, ಉತ್ತರ ಕನ್ನಡದ ಗೋಕರ್ಣ, ಮುರುಡೇಶ್ವರಗಳ ಕಡೆಗೆ. ಭೂಪಟದ ಮೇಲೆ ನೇರ ಗೆರೆ ಎಳೆದರೆ ಚಿಕ್ಕಬಳ್ಳಾಪುರದಿಂದ ಚೆನ್ನೈ ಕಡಲು ಸುಮಾರು 280 ಕಿಲೋಮೀಟರ್. ಗೋಕರ್ಣ ಸುಮಾರು 390. ಹತ್ತಿರದ ಕಡಲನ್ನು ಬಿಟ್ಟು ದೂರದ ಕಡಲಿಗೆ ಹೋಗುವ ಈ ಪ್ರಯಾಣದ ಹಿಂದೆ ನೂರು ವರ್ಷಗಳಿಗೂ ಮೀರಿದ ಕಥೆಯಿದೆ. ಯಾವ ಕಡಲು ತಮ್ಮದು ಎಂಬುದನ್ನು ಈ ಬಯಲುಸೀಮೆಯ ಜನರಿಗೆ ತಿಳಿಸಿಕೊಟ್ಟದ್ದು ರೈಲಿನ ಹಳಿ, ರಾಜ್ಯದ ಗಡಿ ಮತ್ತು ಬಸ್ಸಿನ ಟಿಕೆಟ್ಟು.

ಕಡಲಿಲ್ಲದ ಸಂಸ್ಥಾನ

ಟಿಪ್ಪುವಿನ ಪತನದ ನಂತರ, 1799ರಲ್ಲಿ, ಕರಾವಳಿ ಬ್ರಿಟಿಷರ ಕೈಸೇರಿತು. ಅಲ್ಲಿಂದ 1956ರ ನವೆಂಬರ್ 1ರವರೆಗೆ ಮೈಸೂರಿಗೆ ಕಡಲೇ ಇರಲಿಲ್ಲ. ಗೋಕರ್ಣವಿದ್ದ ಉತ್ತರ ಕನ್ನಡ 1862ರಲ್ಲಿ ಮದರಾಸು ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು. ಹೀಗಾಗಿ ಅಂದಿನ ಕೋಲಾರ ಜಿಲ್ಲೆಯ ರೈತನಿಗೆ ಗೋಕರ್ಣವೆಂಬುದು ಪುರಾಣದಲ್ಲಿ ಕೇಳಿದ ಊರು; ರಾವಣನ ಕೈಯಿಂದ ಆತ್ಮಲಿಂಗವನ್ನು ಗಣಪತಿ ನೆಲಕ್ಕಿಡಿಸಿಕೊಂಡ ಕ್ಷೇತ್ರ. ಆಡಳಿತದ ಲೆಕ್ಕದಲ್ಲಿ ಅದು ಪರದೇಶ. ಹಿರಿಯರ ಅಸ್ಥಿ ಬಿಡಲು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿ ಇತ್ತು, ಹರಕೆ ತೀರಿಸಲು ಚಿಂತಾಮಣಿಯಿಂದ ಮದನಪಲ್ಲಿಯ ಮೇಲೆ ಹೋದರೆ ತಿರುಪತಿ ಇತ್ತು. ಕಡಲು ಇಲ್ಲದಿದ್ದರೂ ನಡೆಯುತ್ತಿತ್ತು.

ನಡೆಯುವುದಿಲ್ಲ ಎಂದುಕೊಂಡವರೂ ಇದ್ದರು. ಚಿಕ್ಕಬಳ್ಳಾಪುರ ತಾಲ್ಲೂಕಿನ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು. ಭಟ್ಕಳದಲ್ಲಿ ಬಂದರು ಕಟ್ಟಿ, ಅಲ್ಲಿಗೆ ಮೈಸೂರಿನಿಂದ ರೈಲು ಹಾಕಿ, ಸಂಸ್ಥಾನದ ಸರಕಿಗೆ ಕಡಲ ಬಾಗಿಲು ತೆರೆಯಬೇಕೆಂಬುದು ಅವರ ಯೋಜನೆಗಳಲ್ಲೊಂದು. ಅದು ಕೈಗೂಡಲಿಲ್ಲ. ಶಿವಮೊಗ್ಗದಿಂದ ಮುಂದಕ್ಕೆ ಸಾಗಿದ ಹಳಿ 1940ರ ವೇಳೆಗೆ ಜೋಗದ ಸಮೀಪದ ತಾಳಗುಪ್ಪ ತಲುಪಿ ಘಟ್ಟದ ಮೇಲೆಯೇ ನಿಂತಿತು. ಇಂದಿಗೂ ಅದು ಅಲ್ಲಿಯೇ ನಿಂತಿದೆ. ಕೆಳಗಿನ ಹೊನ್ನಾವರಕ್ಕೆ ಗೇರುಸೊಪ್ಪೆ ಘಟ್ಟದ ತಿರುವುಗಳಲ್ಲಿ ಬಸ್ಸಿನಲ್ಲಿಯೇ ಇಳಿಯಬೇಕು.

ಚಿಕ್ಕ ರೈಲು ಹೋದ ದಿಕ್ಕು

ಇತ್ತ ಬಯಲುಸೀಮೆಗೆ ರೈಲು ಬೇಗನೆ ಬಂತು. ಬೆಂಗಳೂರಿನಿಂದ ಹಿಂದೂಪುರದ ಕಡೆಗೆ 1890ರ ದಶಕದಲ್ಲಿ ಹಾಕಿದ ಮೀಟರ್ ಗೇಜ್ ಹಳಿ ಗೌರಿಬಿದನೂರಿನ ಮೂಲಕ ಹಾದುಹೋಯಿತು. 1910ರ ದಶಕದಲ್ಲಿ ಬೌರಿಂಗ್‌ಪೇಟೆ, ಅಂದರೆ ಇಂದಿನ ಬಂಗಾರಪೇಟೆಯಿಂದ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ದೇವನಹಳ್ಳಿಗಳನ್ನು ಪೋಣಿಸಿಕೊಂಡು ಯಲಹಂಕಕ್ಕೆ ಬರುವ ನ್ಯಾರೋ ಗೇಜ್ ಹಳಿ ಸಿದ್ಧವಾಯಿತು. ಎರಡೂವರೆ ಅಡಿ ಅಗಲದ ಹಳಿಯ ಮೇಲೆ ಓಡುವ ಗಾಡಿ ಅದು.

ಈ ಚಿಕ್ಕ ರೈಲು ಜನರನ್ನು ಮುಟ್ಟಿಸುತ್ತಿದ್ದುದು ಬಂಗಾರಪೇಟೆಗೆ. ಬಂಗಾರಪೇಟೆ ಇರುವುದು ಬೆಂಗಳೂರು–ಮದರಾಸು ದೊಡ್ಡ ಮಾರ್ಗದ ಮೇಲೆ. ಅಲ್ಲಿ ಗಾಡಿ ಬದಲಿಸಿದರೆ ಮುಂದೆ ಮದರಾಸು, ಮರೀನಾ ಕಡಲತೀರ. ನದಿಯ ದಿಕ್ಕೂ ಹಳಿಯ ದಿಕ್ಕೂ ಒಂದೇ ಆಗಿತ್ತು. ಮುಂದೆ ಈ ಹಳಿ ಬ್ರಾಡ್ ಗೇಜ್ ಆಗುವುದಕ್ಕೆ ದಶಕಗಳೇ ಹಿಡಿದವು. ಚಿಕ್ಕಬಳ್ಳಾಪುರ–ಕೋಲಾರ ನಡುವೆ ದೊಡ್ಡ ಗಾಡಿ ಓಡಲಾರಂಭಿಸಿದ್ದು 2013ರಲ್ಲಿ. ಆ ಹೊತ್ತಿಗೆ ಜನ ಬಸ್ಸಿಗೆ ಒಗ್ಗಿಹೋಗಿದ್ದರು. ಬಸ್ಸುಗಳೆಲ್ಲ ಸೇರುತ್ತಿದ್ದುದು ಬೆಂಗಳೂರಿಗೆ.

ಘಟ್ಟ ಇಳಿದ ಹಳಿ

ಏಕೀಕರಣದ ನಂತರ ಕಡಲು ಕನ್ನಡ ನಾಡಿನದಾಯಿತು. ಆದರೆ ರಾಜಧಾನಿಯಿಂದ ಅಲ್ಲಿಗೆ ಹೋಗುವ ದಾರಿ ಸುಲಭವಾಗಲಿಲ್ಲ. ನಡುವೆ ಸಹ್ಯಾದ್ರಿ. ಹಾಸನ–ಮಂಗಳೂರು ರೈಲು ಮಾರ್ಗ ಪೂರ್ಣಗೊಂಡದ್ದು 1979ರಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗಿನ ಸುಮಾರು 55 ಕಿಲೋಮೀಟರ್ ಘಟ್ಟದಲ್ಲಿ 57 ಸುರಂಗಗಳಿವೆ. ಐವತ್ತು ಅಡಿ ಮುಂದೆ ಸಾಗಿದರೆ ಒಂದು ಅಡಿ ಇಳಿಯುವಷ್ಟು ಕಡಿದಾದ ಮಾರ್ಗ. ಬ್ರಾಡ್ ಗೇಜ್ ಮಾಡುವುದಕ್ಕೆಂದು 1996ರಲ್ಲಿ ಮುಚ್ಚಿದ ಈ ಮಾರ್ಗದಲ್ಲಿ ಪ್ರಯಾಣಿಕರ ಗಾಡಿ ಮತ್ತೆ ಓಡಿದ್ದು 2007ರ ಕೊನೆಗೆ.

ಅಷ್ಟರಲ್ಲಿ ಕರಾವಳಿಯುದ್ದಕ್ಕೂ ಮತ್ತೊಂದು ಹಳಿ ಬಂದಿತ್ತು. ಕೊಂಕಣ ರೈಲ್ವೆ 1998ರ ಜನವರಿ 26ರಂದು ಪೂರ್ಣವಾಗಿ ಸಂಚಾರಕ್ಕೆ ತೆರೆಯಿತು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಹೀಗೆ ಹೆಜ್ಜೆಗೊಂದು ಅಳಿವೆ ಇರುವ ತೀರವದು. ಸೇತುವೆ ಬರುವ ಮುನ್ನ ಪ್ರತಿ ನದಿಯಲ್ಲೂ ದೋಣಿ ಕಾಯಬೇಕಿತ್ತು. ಕುಮಟಾ ಕಡೆಯ ಅಘನಾಶಿನಿ ಊರಿನಿಂದ ತದಡಿಗೆ ದೋಣಿಯಲ್ಲಿ ದಾಟಿ ಗೋಕರ್ಣ ಸೇರುವ ಹಳೆಯ ದಾರಿ ಇಂದಿಗೂ ಬಳಕೆಯಲ್ಲಿದೆ.

ಘಟ್ಟದ ಹಳಿ, ಕಡಲಂಚಿನ ಹಳಿ ಎರಡೂ ಕೂಡಿದ ಮೇಲೆ ಬೆಂಗಳೂರು–ಕಾರವಾರ ರೈಲುಗಳು ಬಂದವು. 2020ರ ಮಾರ್ಚ್‌ನಲ್ಲಿ ಯಶವಂತಪುರದಿಂದ ಆರಂಭವಾದ ಗಾಡಿಗೆ ಕುಂದಾಪುರದ ಐದು ನದಿಗಳ ನೆನಪಿಗೆ ಪಂಚಗಂಗಾ ಎಂಬ ಹೆಸರು ಬಂತು. ಅದು ಮಂಗಳೂರು ನಗರದ ನಿಲ್ದಾಣಗಳಿಗೆ ಸುತ್ತಿ ಹೋಗದೆ, ಪಡೀಲಿನ ಬಳಿ ನೇರವಾಗಿ ಕರಾವಳಿಯ ಹಳಿಗೆ ತಿರುಗಿಕೊಳ್ಳುತ್ತದೆ. ಸಂಜೆ ಹತ್ತಿದವರು ಮರುದಿನ ಬೆಳಿಗ್ಗೆ ಗೋಕರ್ಣ ರಸ್ತೆ ನಿಲ್ದಾಣದಲ್ಲಿ ಇಳಿಯಬಹುದು.

ಹೋಗುವ ಬಗೆ

ಹಾಗಾದರೆ ಈ ನಾಲ್ಕು ತಾಲ್ಲೂಕುಗಳವರು ಹೋಗುವುದು ಹೇಗೆ? ಗೌರಿಬಿದನೂರಿನವರಿಗೆ ಒಂದು ಅನುಕೂಲವಿದೆ. ಹಿಂದೂಪುರದ ಕಡೆಯಿಂದ ಬರುವ ರೈಲು ಹಿಡಿದು ಯಶವಂತಪುರದಲ್ಲಿ ಇಳಿದರೆ, ಅದೇ ನಿಲ್ದಾಣದಲ್ಲಿ ಕಾರವಾರದ ಗಾಡಿ ಸಿಗುತ್ತದೆ. ಊರೊಳಗೆ ಅಲೆಯುವ ಕಷ್ಟವಿಲ್ಲ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟಗಳವರು ದೇವನಹಳ್ಳಿಯ ಮೇಲೆ, ಚಿಂತಾಮಣಿಯವರು ಹೊಸಕೋಟೆಯ ಮೇಲೆ ಬಸ್ಸಿನಲ್ಲಿ ಬೆಂಗಳೂರಿಗೆ ಬರುವುದೇ ರೂಢಿ. ಅರವತ್ತು, ಎಪ್ಪತ್ತು ಕಿಲೋಮೀಟರಿನ ಈ ಮೊದಲ ಹಂತವೇ ಇಡೀ ಪ್ರಯಾಣದ ಕಠಿಣ ಭಾಗ. ಸಂಜೆಯ ಹೊತ್ತು ಹೆಬ್ಬಾಳದಲ್ಲೋ ಕೆ.ಆರ್. ಪುರದಲ್ಲೋ ಬಸ್ಸು ಸಿಕ್ಕಿಬಿದ್ದರೆ ರೈಲು ಕಾಯುವುದಿಲ್ಲ. ಮಧ್ಯಾಹ್ನದ ಊಟ ಮುಗಿಸಿದೊಡನೆ ಊರು ಬಿಡುವುದು ಜಾಣತನ.

ರೈಲಿನಲ್ಲಿ ಜಾಗ ಸಿಗದವರಿಗೆ ಬಸ್ಸಿದೆ. ಬೆಂಗಳೂರಿನಿಂದ ಗೋಕರ್ಣ ರಸ್ತೆಯಲ್ಲಿ ಸುಮಾರು ಐನೂರು ಕಿಲೋಮೀಟರ್, ರಾತ್ರಿಯಿಡೀ ಪ್ರಯಾಣ. ದಾರಿಗಳು ಮುಖ್ಯವಾಗಿ ಮೂರು. ಹುಬ್ಬಳ್ಳಿ, ಯಲ್ಲಾಪುರದ ಮೇಲೆ ಅರಬೈಲ್ ಘಟ್ಟ ಇಳಿದು ಅಂಕೋಲಾ ಸೇರುವುದು ಒಂದು. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ ಸೇರುವುದು ಇನ್ನೊಂದು. ಶಿವಮೊಗ್ಗ, ಸಾಗರದ ಮೇಲೆ ಹೊನ್ನಾವರಕ್ಕೆ ಇಳಿಯುವುದು ಮೂರನೆಯದು. ನೇರ ಬಸ್ಸು ತಪ್ಪಿದರೂ ಕುಮಟಾ ಅಥವಾ ಅಂಕೋಲಾ ತಲುಪಿದರೆ ಗೋಕರ್ಣಕ್ಕೆ ಸ್ಥಳೀಯ ಬಸ್ಸು ದೊರೆಯುತ್ತದೆ.

ಹೊಸಬರು ಎಡವುವುದು ಕಡೆಯ ಹತ್ತು ಕಿಲೋಮೀಟರಿನಲ್ಲಿ. ಗೋಕರ್ಣ ರಸ್ತೆ ನಿಲ್ದಾಣ ಗೋಕರ್ಣದಲ್ಲಿಲ್ಲ. ಹೆದ್ದಾರಿಯ ಪಕ್ಕದ ಮಾದನಗೇರಿಯ ಬಳಿ ಇದೆ. ಅಲ್ಲಿಂದ ಊರಿಗೆ ಸುಮಾರು ಹತ್ತು ಕಿಲೋಮೀಟರ್. ನಸುಕಿನಲ್ಲಿ ಇಳಿದವರಿಗೆ ಎದುರಾಗುವುದು ಆಟೋದವರೊಡನೆ ಚೌಕಾಸಿ. ಮಾದನಗೇರಿ ಕ್ರಾಸಿನವರೆಗೆ ಹೋಗಿ ನಿಂತರೆ ಕುಮಟಾ, ಅಂಕೋಲಾ ಕಡೆಯಿಂದ ಗೋಕರ್ಣಕ್ಕೆ ಹೋಗುವ ಬಸ್ಸು ಸಿಗುತ್ತದೆ. ಕರಾವಳಿಯ ಎಲ್ಲ ರೈಲುಗಳೂ ಈ ನಿಲ್ದಾಣದಲ್ಲಿ ನಿಲ್ಲುವುದಿಲ್ಲ ಎಂಬುದನ್ನೂ ಮೊದಲೇ ವಿಚಾರಿಸಿಕೊಳ್ಳಬೇಕು. ಊರು ತಲುಪಿದ ಮೇಲೆ ಕೋಟಿತೀರ್ಥ, ಮಹಾಬಲೇಶ್ವರ ದೇವಾಲಯ, ಅದರ ಎದುರಿನ ಕಡಲು ಎಲ್ಲವೂ ಕಾಲ್ನಡಿಗೆಯ ದೂರ. ಕುಡ್ಲೆ, ಓಂ ಕಡಲತೀರಗಳಿಗೆ ಮಾತ್ರ ಗುಡ್ಡ ಹತ್ತಿ ಇಳಿಯಬೇಕು.

ಶೂನ್ಯ ದರದ ಟಿಕೆಟ್ಟು

2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆ ಈ ದಾರಿಗೆ ಹೊಸ ಪ್ರಯಾಣಿಕರನ್ನು ತಂದಿತು. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದ ಮಹಿಳೆಗೆ ಸಾರಿಗೆ ನಿಗಮಗಳ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಟಿಕೆಟ್ಟಿಗೆ ಹಣವಿಲ್ಲ. ಗೂಡು ಬಿಡಿಸುವ, ಹೂವು ಕಟ್ಟುವ, ಟೊಮೆಟೊ ಕೀಳುವ ಕೂಲಿಯಲ್ಲಿ ದಿನ ಕಳೆದ ಹೆಣ್ಣುಮಗಳು ಕಡಲಿಗೆ ಹೋಗಿಬರಲು ಬಸ್ಸಿನ ಹಣ ಕೂಡಿಡಬೇಕಾದ ಕಾಲ ಮುಗಿಯಿತು.

ಆದರೆ ಈ ಟಿಕೆಟ್ಟಿಗೂ ದಿಕ್ಕಿದೆ. ರಾಜಹಂಸ, ಸ್ಲೀಪರ್, ಹವಾನಿಯಂತ್ರಿತ ಬಸ್ಸುಗಳಲ್ಲಿ ಅದು ನಡೆಯುವುದಿಲ್ಲ. ಆದ್ದರಿಂದ ಹಣ ಕೊಡದೆ ಹೋಗುವವರು ಶಿವಮೊಗ್ಗದಲ್ಲೋ ಹುಬ್ಬಳ್ಳಿಯಲ್ಲೋ ಶಿರಸಿಯಲ್ಲೋ ಬಸ್ಸು ಬದಲಿಸಬೇಕು. ಉಳಿದ ಹಣವನ್ನು ನಿದ್ದೆಯಲ್ಲಿ ತೆರಬೇಕು. ಅಂತರರಾಜ್ಯ ಬಸ್ಸಿನಲ್ಲಿಯೂ ಅದು ನಡೆಯುವುದಿಲ್ಲ. ಹತ್ತಿರದ ಚೆನ್ನೈ ಕಡಲಿಗೆ ಹಣ ಬೇಕು, ದೂರದ ಗೋಕರ್ಣಕ್ಕೆ ಬೇಡ. ಗೌರಿಬಿದನೂರಿನ ತಾಯಿ ಬಿಟ್ಟಿ ಹೋಗಬಹುದು. ಗಡಿಯಾಚೆಯ ಹಿಂದೂಪುರಕ್ಕೆ ಮದುವೆಯಾಗಿ ಹೋಗಿ ಅಲ್ಲಿಯ ಗುರುತಿನ ಚೀಟಿ ಪಡೆದ ಮಗಳು ಪಕ್ಕದಲ್ಲೇ ಕುಳಿತು ಪೂರ್ತಿ ದರ ಕೊಡಬೇಕು. ನೂರು ವರ್ಷ ಹಿಂದೆ ಜನರನ್ನು ಪೂರ್ವಕ್ಕೆ ಎಳೆದ ಚಿಕ್ಕ ರೈಲಿನಂತೆ, ಇಂದು ಒಂದು ಚೀಟಿ ಪಶ್ಚಿಮಕ್ಕೆ ಎಳೆಯುತ್ತಿದೆ.

ಘಟ್ಟ ಮುನಿದರೆ

ಮಳೆಗಾಲದಲ್ಲಿ ಈ ದಾರಿಗಳ ಮೇಲೆ ಪೂರ್ತಿ ಭರವಸೆ ಇಡುವಂತಿಲ್ಲ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿತ್ತು. ಹಲವರು ಪ್ರಾಣ ಕಳೆದುಕೊಂಡರು. ಅದೇ ತಿಂಗಳ ಕೊನೆಯಲ್ಲಿ ಸಕಲೇಶಪುರ ಘಟ್ಟದ ಎಡಕುಮೇರಿ–ಕಡಗರವಳ್ಳಿ ನಡುವೆ ಮಣ್ಣು ಕುಸಿದು ರೈಲುಗಳು ನಿಂತವು. ಆಗಸ್ಟ್ 7ರಂದು ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಮುರಿದುಬಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಡುವವರು ಹಿಂದಿನ ದಿನವೇ ನಿಲ್ದಾಣದಲ್ಲಿ ವಿಚಾರಿಸುವುದು ಒಳ್ಳೆಯದು. ಆ ತಿಂಗಳುಗಳಲ್ಲಿ ಕಡಲೂ ಇಳಿಯುವಂಥದ್ದಲ್ಲ.

ನೀರಿಗಿಳಿಯುವ ಮುನ್ನ

ಇಷ್ಟೆಲ್ಲ ದಾಟಿ ತಲುಪಿದವರಿಗೆ ಹೇಳಲೇಬೇಕಾದ ಮಾತೊಂದಿದೆ. ಕೆರೆ, ಕುಂಟೆ, ಕಲ್ಯಾಣಿಗಳನ್ನು ಕಂಡು ಬೆಳೆದವರಿಗೆ ನೀರೆಂದರೆ ನಿಂತ ನೀರು. ಆಳ ಎಲ್ಲಿ ಎಂದು ತಿಳಿದರೆ ಭಯವಿಲ್ಲ. ಕಡಲು ಹಾಗಲ್ಲ. ಮೊಣಕಾಲುದ್ದದ ನೀರಿನಲ್ಲಿ ನಿಂತವರ ಕಾಲಡಿಯ ಮರಳನ್ನೇ ಹಿಂದೆ ಸರಿಯುವ ಅಲೆ ಎಳೆದುಕೊಂಡು ಹೋಗುತ್ತದೆ. ದಡಕ್ಕೆ ಬಂದ ನೀರು ಒಂದೇ ಕಡೆ ಹೊಳೆಯಂತೆ ಸೇರಿ ಒಳಕ್ಕೆ ನುಗ್ಗುವ ಜಾಗಗಳು ಮೇಲ್ನೋಟಕ್ಕೆ ಅಲೆಯಿಲ್ಲದೆ ಶಾಂತವಾಗಿ ಕಾಣುತ್ತವೆ. ಹೊಸಬರು ಸುರಕ್ಷಿತವೆಂದು ಆರಿಸಿಕೊಳ್ಳುವುದು ಅದೇ ಜಾಗವನ್ನು. ಸೆಳೆತಕ್ಕೆ ಸಿಕ್ಕವರು ದಡದ ಕಡೆಗೆ ಈಜಿ ದಣಿಯಬಾರದು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು ಸೆಳೆತದಿಂದ ಹೊರಬಿದ್ದ ಮೇಲೆ ದಡಕ್ಕೆ ತಿರುಗಬೇಕು. ಈಜು ಬಾರದವರಿಗೆ ಆ ಉಪಾಯವೂ ಇಲ್ಲ. ಅವರು ಜೀವರಕ್ಷಕರು ತೋರಿಸಿದ ಗಡಿಯೊಳಗೆ ಪಾದ ನೆನೆಸಿಕೊಂಡರೆ ಸಾಕು.

2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರಿಂದ ಪ್ರವಾಸ ಹೋಗಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ನೀರುಪಾಲಾದರು. ನೆರೆಯ ಜಿಲ್ಲೆಯ, ಇದೇ ಬಯಲುಸೀಮೆಯ ಮಕ್ಕಳು. ಆ ಕಡಲತೀರವನ್ನು ಕೆಲಕಾಲ ಮುಚ್ಚಲಾಯಿತು. ಆದರೆ ಕಡಲತೀರ ಮುಚ್ಚುವುದು ಪರಿಹಾರವಾಗಲಾರದು. ಕಡಲಿಲ್ಲದ ನಾಡಿನ ಮಕ್ಕಳಿಗೆ ಕಡಲಿನ ದಾರಿ ತೆರೆದವರು, ಬಸ್ಸು ಹತ್ತಿಸುವ ಮುನ್ನ ಅದರ ಸ್ವಭಾವವನ್ನೂ ಹೇಳಿಕೊಡಬೇಕಾಗುತ್ತದೆ. ಶಾಲೆಯ ಪ್ರವಾಸಕ್ಕೆ ಮುಂಚಿನ ಒಂದು ಗಂಟೆಯ ಪಾಠ ಅದಕ್ಕೆ ಸಾಕು.

ಕಾರವಾರದಿಂದ ಸಂಜೆ ಹೊರಡುವ ಗಾಡಿ ಮರುದಿನ ಬೆಳಿಗ್ಗೆ ಯಶವಂತಪುರಕ್ಕೆ ತಂದುಬಿಡುತ್ತದೆ. ಅಲ್ಲಿಂದ ಊರಿನ ಬಸ್ಸೋ ಪ್ಯಾಸೆಂಜರ್ ರೈಲೋ ಹಿಡಿದರೆ ಮಧ್ಯಾಹ್ನದೊಳಗೆ ಮನೆ. ಬಂದವರು ಸೀಸೆಯಲ್ಲಿ ಕಡಲ ನೀರನ್ನೂ ಸೆರಗಿನಲ್ಲಿ ಕಪ್ಪೆಚಿಪ್ಪನ್ನೂ ತಂದು ನೆರೆಹೊರೆಗೆ ತೋರಿಸುತ್ತಾರೆ. ವಿಶ್ವೇಶ್ವರಯ್ಯನವರ ಊರಿನ ಸೀಮೆಗೆ ಕಡಲಿನ ಬಾಗಿಲು ತೆರೆಯುವುದಕ್ಕೆ ಅವರು ಬಯಸಿದ್ದಕ್ಕಿಂತ ತಡವಾಯಿತು. ಮಕ್ಕಳೆಲ್ಲ ಕ್ಷೇಮವಾಗಿ ಹೋಗಿ ಬರುವಂತಾದರೆ ಮಾತ್ರ ಆ ಬಾಗಿಲು ನಿಜಕ್ಕೂ ತೆರೆದಂತೆ.